ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅಕ್ಕನ ಸಂಬಳದ ಲೆಕ್ಕ

ಅಮ್ಮನನ್ನು ನೋಡಿಕೊಳ್ಳುವುದಕ್ಕೆ ತಮ್ಮಂದಿರಿಬ್ಬರು ನನಗೆ ತಿಂಗಳಿಗೆ 18,000 ರೂಪಾಯಿ ಕೊಡುತ್ತಾರೆ. ಇದರಲ್ಲಿ ಮುಜುಗರವೇನೂ ಇಲ್ಲ. ದುಡ್ಡು ತೆಗೆದುಕೊಂಡು ನೋಡಿಕೊಳ್ಳುವ ಮನೆಯವರನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆದಾರರೆಂದೇ ಕರೆದಿದೆ. ತಕರಾರು ಏಳುವುದು ಅಮ್ಮ ಆಸ್ಪತ್ರೆ ಸೇರಿದಾಗ: "ಅಲ್ಲಿ ಸಿಸ್ಟರ್‌ಗಳು ಇರ್ತಾರಲ್ಲ ಅಕ್ಕ, ಅಷ್ಟು ದಿನದ್ದು ಹಿಡ್ಕೊಳ್ಳೋಣ್ವಾ?"

ಹಿಡಿಯಬಾರದು. ಇಂಜೆಕ್ಷನ್, ಡ್ರಿಪ್, ಬಿಪಿ ಸಿಸ್ಟರ್ ನೋಡುತ್ತಾರೆ. ತುತ್ತು ತಿನ್ನಿಸುವುದು, ಫಾರ್ಮಸಿಗೆ ಓಡುವುದು, ರಾತ್ರಿ ಗಲಿಬಿಲಿಗೊಂಡು ಡ್ರಿಪ್ ಕಿತ್ತುಕೊಳ್ಳದಂತೆ ಕೈ ಹಿಡಿದು ಕೂರುವುದು ನಮ್ಮ ಪಾಲು. ಐಸಿಯು ಆದರೆ ಒಳಗೆ ಬಿಡುವುದು ಸ್ವಲ್ಪ ಹೊತ್ತು, ಹೊರಗೆ ಕುರ್ಚಿಯಲ್ಲಿರಬೇಕಾದ್ದು ದಿನವಿಡೀ. ಸಹಿಗೋ ರಕ್ತಕ್ಕೋ ಯಾವಾಗ ಕರೆಯುತ್ತಾರೆಂದು ಹೇಳಲಾಗದು. ಅದಕ್ಕೇ ವಾಟ್ಸ್ಯಾಪ್‌ನಲ್ಲಿ ಮೊದಲೇ ಬರೆದಿಟ್ಟುಕೊಂಡಿದ್ದೇವೆ: ಮೊದಲ 15 ದಿನ ಪೂರ್ತಿ ಸಂಬಳ, ಆಮೇಲೆ ಕೂತು ಮಾತು. ಎರಡು ರಾತ್ರಿ ನಾನು, ಮೂರನೆಯದು ತಮ್ಮ. ಅವನಿಗಾಗದಿದ್ದರೆ ಅವನ ದುಡ್ಡಿನಲ್ಲಿ ಆಯಾ.

ಖರ್ಚಿಗೆ ಬೇರೆ 10,000 ಮುಂಗಡ. ಯಲಹಂಕದ ಮನೆಯಿಂದ ಬೆಂಗಳೂರಿನ ಆ ತುದಿಯ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೆ ಆಟೊದಲ್ಲಿ ಓಡಾಡಿ ಕ್ಯಾಂಟೀನ್‌ನಲ್ಲಿ ಉಂಡರೆ ಸಂಬಳ ಅಲ್ಲೇ ಕರಗುತ್ತದೆ.

ಕ್ಯಾಶ್‌ಲೆಸ್ ವಿಮೆ ಇದ್ದರೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2024ರಲ್ಲಿ ಹೇಳಿದೆ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯವರು ಕಾಗದ ಕಳಿಸಿದ ಮೇಲೆ. ಡಿಸ್ಚಾರ್ಜ್ ಸಮರಿ (ಚಿಕಿತ್ಸೆಯ ವಿವರದ ಕಾಗದ) ಹಿಂದಿನ ಸಂಜೆಯೇ ಟೈಪ್ ಆಗಲಿ ಎಂದು ಡ್ಯೂಟಿ ಡಾಕ್ಟರ ಬೆನ್ನು ಬೀಳಿ. ಬಳಸದ ಮಾತ್ರೆ, ಸಿರಿಂಜುಗಳನ್ನು ಫೈನಲ್ ಬಿಲ್ ಆಗುವ ಮುಂಚೆ ವಾಪಸ್ ಮಾಡಿಸಿ; ಬಿಲ್ ಮುಚ್ಚಿದ ಮೇಲೆ ಕಳೆಸುವುದು ಕಷ್ಟ.

ನಿಜವಾದ ಭಾರ ಬೀಳುವುದು ಮನೆಗೆ ಬಂದ ಮೇಲೆ. ಹೋಗುವಾಗ ನಡೆಯುತ್ತಿದ್ದವರು ಮೂಗಿನಲ್ಲಿ ರೈಲ್ಸ್ ಟ್ಯೂಬ್ (ಹೊಟ್ಟೆಗೆ ಆಹಾರ ಇಳಿಸುವ ನಳಿಕೆ), ಪಕ್ಕದಲ್ಲಿ ಯೂರಿನ್ ಬ್ಯಾಗ್ ಸಮೇತ ಬರುತ್ತಾರೆ. ಡಿಸ್ಚಾರ್ಜ್‌ಗೆ ಎರಡು ದಿನ ಮೊದಲೇ ಸಿಸ್ಟರ್ ಎದುರು ನಿಮ್ಮ ಕೈಯಿಂದಲೇ ಒಂದು ಸಲ ಫೀಡ್, ಅಂದರೆ ಟ್ಯೂಬ್ ಮೂಲಕ ಗಂಜಿ, ಕೊಟ್ಟು ಕಲಿಯಿರಿ. ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರ. ಮೂಗಿನ ಹೊಳ್ಳೆಯ ಅಂಚಿನಲ್ಲಿ ಟ್ಯೂಬ್ ಮೇಲಿರುವ ಗುರುತು ಹೊರಗೆ ಸರಿದಿದ್ದರೆ ಫೀಡ್ ಕೊಡಲೇಬೇಡಿ. ತುದಿ ಹೊಟ್ಟೆಯಲ್ಲಿ ಇಲ್ಲದಿದ್ದರೆ ಗಂಜಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆದೀತು. ಕೊಟ್ಟ ಮೇಲೆ ಸ್ವಲ್ಪ ನೀರು ಬಿಟ್ಟು ಟ್ಯೂಬ್ ತೊಳೆಯಿರಿ, ಇಲ್ಲವಾದರೆ ಗಂಜಿ ಕಟ್ಟಿಕೊಳ್ಳುತ್ತದೆ. ಅರ್ಧ ಗಂಟೆ ಮಲಗಿಸಬೇಡಿ. ಯೂರಿನ್ ಬ್ಯಾಗ್ ಸೊಂಟಕ್ಕಿಂತ ಕೆಳಗೆ ತೂಗಲಿ, ನೆಲ ಮುಟ್ಟದಿರಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ.

ಒಬ್ಬರಿಂದ ಆಗುವ ಕೆಲಸವಲ್ಲ ಇದು. ಹಾಗಾಗಿ ಮನೆಗೆ ಬಂದ ಮೊದಲ 15 ರಾತ್ರಿಗೆ ಆಯಾ ಖರ್ಚು ನನ್ನ ಸಂಬಳದ ಮೇಲೆ ಹೆಚ್ಚುವರಿ, ತಮ್ಮಂದಿರದ್ದೇ. ಏಜೆನ್ಸಿಗೆ ಮುಂಚೆಯೇ ಹೇಳಿಡಬೇಕು. ಡಿಸ್ಚಾರ್ಜ್ ದಿನ ಫೋನ್ ಮಾಡಿದರೆ "ನಾಳೆ ಕಳಿಸ್ತೀವಿ ಮೇಡಂ" ಅನ್ನುತ್ತಾರೆ; ಆ ನಾಳೆ ಬರುವುದು ಮೂರನೆಯ ದಿನ.