ಒಂದು ಸ್ಟೀಲ್ ತಟ್ಟೆ, ಐದು ಚಮಚ ಸೀತಾನದಿ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಪರೀಕ್ಷೆಗಳು ಮುಗಿದವೆಂದರೆ ಅಂಗಡಿಯಲ್ಲಿ ನೊಣ ಓಡಿಸುವುದೇ ಕೆಲಸ. ಮನೆಯಲ್ಲಿ ಗದ್ದಲ ಶುರುವಾಗುವುದು ಆಗಲೇ. ಬೆಂಗಳೂರಿನ ತಂಗಿ ಏಪ್ರಿಲ್ ಎರಡನೆಯ ವಾರಕ್ಕೆ ಸರಿಯಾಗಿ ತನ್ನ ಇಬ್ಬರು ಗಂಡುಮಕ್ಕಳನ್ನು ರಾತ್ರಿ ಬಸ್ಸಿನಲ್ಲಿ ಕರೆತಂದು ಬಿಟ್ಟು ಮರುದಿನವೇ ಹೊರಡುತ್ತಾಳೆ. ಒಬ್ಬನಿಗೆ ಹನ್ನೊಂದು, ಇನ್ನೊಬ್ಬನಿಗೆ ಎಂಟು. ಜೊತೆಗೆ ನನ್ನ ಹನ್ನೆರಡರ ಮಗಳು.

ಹಿಂದಿನ ವರ್ಷ ಮೂವರನ್ನೂ ಒಂದು ಬೇಸಗೆ ಶಿಬಿರಕ್ಕೆ ಸೇರಿಸಿದ್ದೆ. ಹತ್ತು ದಿನ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಥರ್ಮೋಕೋಲಿನಲ್ಲಿ ಒಂದು ಮಳೆಕಾಡು ಮಾಡಿಕೊಂಡು ಬಂದರು. ಹಸಿರು ಬಣ್ಣ ಬಳಿದ ಆ ಕಾಡು ಇಡೀ ಮಳೆಗಾಲ ನಮ್ಮ ಅಟ್ಟದಲ್ಲಿತ್ತು. ನಿಜವಾದದ್ದು ಮನೆಯಿಂದ 55 ಕಿಲೋಮೀಟರ್ ದೂರದಲ್ಲಿ, ಆಗುಂಬೆಯಲ್ಲಿ, ಟಿಕೆಟ್ಟಿಲ್ಲದೆ ನಿಂತಿತ್ತು. ಹಣ ಹೋದದ್ದಕ್ಕಿಂತ ಹೆಚ್ಚು ಕೊರೆದದ್ದು ಅದು.

ಈ ಸಲದ ಯೋಚನೆ ಹೊಳೆದದ್ದು ಚಿಕ್ಕವನಿಂದ. ಸಾಲಿಗ್ರಾಮಕ್ಕೆ ಹೋಗುವಾಗ ಮಾಬುಕಳ ಸೇತುವೆಯ ಮೇಲೆ ವ್ಯಾನಿನ ಕಿಟಕಿಗೆ ಮೂಗು ಒತ್ತಿಕೊಂಡು, “ಮಾವ, ಈ ನೀರು ಉಪ್ಪೋ, ಸಿಹಿಯೋ?” ಎಂದು ಕೇಳಿದ. ಉಪ್ಪು ಎಂದೆ. “ಎಲ್ಲಿಯವರೆಗೆ ಉಪ್ಪು?” ಎಂದ. ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಹೆಂಡತಿಯ ತವರು ಬಾರ್ಕೂರಿನ ಕಡೆ. ಮೇ ತಿಂಗಳಲ್ಲಿ ಅವರ ಹೊಳೆಬದಿಯ ಬಾವಿ ತುಸು ಉಪ್ಪಾಗುತ್ತದೆ, ಬೇಳೆ ಬೇಯುವುದಿಲ್ಲ ಎಂಬ ಗೊಣಗಾಟವನ್ನು ವರ್ಷವೂ ಕೇಳುತ್ತೇನೆ. ಅಷ್ಟೇ ನನ್ನ ಜ್ಞಾನ. ಸರಿ, ಸೀತಾನದಿಯನ್ನು ಸಮುದ್ರದಿಂದ ಹಿಡಿದು ಘಾಟಿಯವರೆಗೆ ಭಾನುವಾರಕ್ಕೊಂದು ತುಂಡಿನಂತೆ ನೋಡೋಣ, ಉಪ್ಪು ಎಲ್ಲಿಗೆ ಮುಗಿಯುತ್ತದೋ ಕಂಡುಹಿಡಿಯೋಣ ಎಂದು ತೀರ್ಮಾನವಾಯಿತು.

ನದಿಯ ನೀರನ್ನು ಮಕ್ಕಳ ಬಾಯಿಗೆ ಹಾಕಿಸುವಂತಿಲ್ಲ. ಅದಕ್ಕೆ ಮಗಳು ಉಪಾಯ ಹೇಳಿದಳು. ಅಗಲವಾದ ಒಂದು ಸ್ಟೀಲ್ ತಟ್ಟೆಯ ಅಂಚಿನಲ್ಲಿ ಶಾಶ್ವತ ಮಾರ್ಕರಿನಿಂದ ಊರಿನ ಹೆಸರು ಬರೆಯುವುದು, ಆ ಹೆಸರಿನ ಎದುರು ಒಂದು ಚಮಚ ನೀರು ಹಾಕುವುದು, ತಟ್ಟೆಯನ್ನು ತಾರಸಿಯ ಬಿಸಿಲಿನಲ್ಲಿಟ್ಟು ನೀರು ಆರಿದ ಮೇಲೆ ಉಳಿದದ್ದನ್ನು ನೋಡುವುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಒಂದು ಚಮಚದಲ್ಲಿರುವ ಉಪ್ಪೂ ಕಣ್ಣಿಗೆ ಕಾಣುತ್ತದೆ. ಉಡುಪಿಯ ಏಪ್ರಿಲ್ ಬಿಸಿಲಿಗೆ ಒಂದು ಚಮಚ ನೀರು ಯಾವ ಲೆಕ್ಕ?

ನದಿಗೆ ಇಳಿಯುವ ಮೊದಲೇ ಒಂದು ಭಾನುವಾರ ಹಾಳಾಯಿತು. ಸಮುದ್ರವೆಂದರೆ ಮಲ್ಪೆ ಎಂದು ಬೆಳಿಗ್ಗೆ ಪುರುಸೊತ್ತಿನಲ್ಲಿ ಇಡ್ಲಿ ತಿಂದು ಹನ್ನೊಂದು ಗಂಟೆಗೆ ಹೋದೆವು. ನಾನು ಹುಟ್ಟಿ ಬೆಳೆದವನೇ ಇಲ್ಲಿ, ಆದರೂ ಹಾಗೆ ಮಾಡಿದೆ. ಮರಳು ಕಾವಲಿಯಂತೆ ಕಾದಿತ್ತು. ಚಿಕ್ಕವನು ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟವನು ಅಳುತ್ತಾ ನನ್ನ ಸೊಂಟ ಏರಿದ. ಕೊಡೆ ಗಾಳಿಗೆ ಮಗುಚಿತು. ನಮ್ಮಲ್ಲಿ ಉಷ್ಣಾಂಶ 34, 35ಕ್ಕಿಂತ ಮೇಲೆ ಹೋಗುವುದು ಅಪರೂಪ, ಬಯಲುಸೀಮೆಯವರಿಗೆ ಅದು ಬಿಸಿಲೇ ಅಲ್ಲ. ಆದರೆ ಇಲ್ಲಿ ಬೆವರು ಆರುವುದಿಲ್ಲ. ನಾವು ಸೆಕೆ ಎಂದು ಬೇರೆಯೇ ಒಂದು ಹೆಸರಿಟ್ಟಿರುವುದು ಅದಕ್ಕೇ. ಅಂದಿನಿಂದ ಮನೆಯಲ್ಲಿ ಒಂದೇ ಕಾನೂನು: ಐದೂವರೆಗೆ ವ್ಯಾನ್ ಹೊರಡುತ್ತದೆ, ಹತ್ತು ಗಂಟೆಗೆ ಎಲ್ಲರೂ ನೆರಳಿನಲ್ಲಿರಬೇಕು. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಕಡಲು ಹಾಸಿದ ಚಾಪೆಯಂತಿರುತ್ತದೆ. ನೆಲ ಕಾದಂತೆ ಗಾಳಿ ತಿರುಗುತ್ತದೆ; ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿಗೆ ಅಲೆಗಳು ಒಂದರ ಮೇಲೊಂದು ಏರುತ್ತವೆ.

ಆ ಕಾನೂನಿನ ಲಾಭ ಮೊದಲು ಸಿಕ್ಕಿದ್ದು ಸೇಂಟ್ ಮೇರಿಸ್ ದ್ವೀಪದಲ್ಲಿ. ಅದು ನಮ್ಮ ನದಿಯ ಲೆಕ್ಕಕ್ಕೆ ಸೇರಿದ್ದಲ್ಲ, ಮಕ್ಕಳ ಹಟಕ್ಕೆ ಹೋದದ್ದು. ಬೆಳಗಿನ ಮೊದಲ ಬೋಟಿಗೆ ಹೋದರೆ ಸೆಲ್ಫಿಯವರು ಬರುವ ಮೊದಲು ಕಲ್ಲುಗಳು ನಿಮ್ಮ ಪಾಲಿಗೆ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ತಣ್ಣಗಾಗುವಾಗ ಬಿರಿದು ಕಂಬಕಂಬವಾದದ್ದು ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಣೆಯಾಗಿದೆ. ಮಕ್ಕಳಿಗೆ ನಾನು ಕೊಟ್ಟ ಕೆಲಸ ಒಂದೇ, ಕಂಬಗಳ ಮುಖ ಎಣಿಸುವುದು. ಐದು, ಆರು, ಏಳು ಮುಖದವು ಸಿಕ್ಕವು. ಎಂಟರದ್ದು ಸಿಕ್ಕಿತು ಎಂದು ದೊಡ್ಡವನು ಹೇಳಿದ; ಮಗಳು ಹೋಗಿ ಎಣಿಸಿ ಏಳೇ ಎಂದಳು. ಬೋಟಿನಲ್ಲಿ ಮರಳುವವರೆಗೂ ಅದೇ ಜಗಳ.

ಇನ್ನು ಕೋಡಿ ಬೆಂಗ್ರೆ. ನನ್ನನ್ನು ಕೇಳಿದರೆ ಉಡುಪಿಗೆ ಬಂದವರು ಮಲ್ಪೆಯ ಬದಲು ಮೊದಲು ಇಲ್ಲಿಗೆ ಬರಬೇಕು. ಬಲಗೈಗೆ ನದಿ, ಎಡಗೈಗೆ ಸಮುದ್ರ, ನಡುವೆ ಒಂದು ರಸ್ತೆ ಮತ್ತು ಮನೆಗಳ ಸಾಲು. ಉತ್ತರಕ್ಕೆ ಹೋಗುತ್ತಾ ನೆಲ ಸಪೂರವಾಗಿ ಕೊನೆಗೆ ಮುಗಿದೇ ಹೋಗುತ್ತದೆ. ಸೀತಾ ಮತ್ತು ಸ್ವರ್ಣಾ ಎರಡೂ ಕೂಡಿ ಕಡಲು ಸೇರುವ ಅಳಿವೆ ಅದು, ಎದುರು ದಡದಲ್ಲಿ ಹಂಗಾರಕಟ್ಟೆ. ನಾವು ಹೋದದ್ದು ಅಮಾವಾಸ್ಯೆಯ ಮರುದಿನ, ಬೆಳಗಿನ ಆರಕ್ಕೆ. ನೀರು ಚೆನ್ನಾಗಿ ಇಳಿದಿತ್ತು. ನದಿಯ ಬದಿಯ ಕೆಸರು ದಿಬ್ಬಗಳೆಲ್ಲ ಮೇಲೆದ್ದು, ಹೆಂಗಸರು ಬಗ್ಗಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಒಬ್ಬ ಅಜ್ಜಿ ಮಗಳ ಕೈಯನ್ನು ಹಿಡಿದು ಕೆಸರಿನೊಳಗೆ ಒತ್ತಿ ಬೆರಳ ತುದಿಗೆ ಚಿಪ್ಪು ಹೇಗೆ ತಾಗುತ್ತದೆಂದು ತೋರಿಸಿದರು. ಕಣ್ಣಿಗೆ ಅಲ್ಲಿ ಏನೂ ಇಲ್ಲ, ಬೆರಳಿಗೆ ಮಾತ್ರ ಇದೆ. ಅರ್ಧ ಗಂಟೆಯಲ್ಲಿ ಮೂವರೂ ಸೇರಿ ಹೆಕ್ಕಿದ್ದು ಹದಿನಾಲ್ಕು. ಅಷ್ಟರಲ್ಲಿ ಅಜ್ಜಿಯ ಬುಟ್ಟಿ ತುಂಬಿತ್ತು. ನಮ್ಮ ಹದಿನಾಲ್ಕನ್ನೂ ಅವರ ಬುಟ್ಟಿಗೇ ಹಾಕಿ ಬಂದೆವು. ಹದಿನಾಲ್ಕು ಮರುವಾಯಿಗೆ ಯಾರು ತೆಂಗಿನಕಾಯಿ ತುರಿಯುತ್ತಾರೆ?

ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ ಮುಂದಿನ ಭಾನುವಾರವೂ ಅಲ್ಲಿಗೇ ಎಂದರು. ಅದೇ ಆರು ಗಂಟೆಗೆ ಹೋದೆವು. ದಿಬ್ಬವೂ ಇಲ್ಲ, ಅಜ್ಜಿಯೂ ಇಲ್ಲ, ರಸ್ತೆಯ ಕಲ್ಲಿನವರೆಗೆ ನೀರು. ಉಬ್ಬರ ಇಳಿತಗಳು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತವೆ, ಏಳು ದಿನಕ್ಕೆ ಆರು ಗಂಟೆ ಸರಿದು ಇಳಿತವಿದ್ದ ಹೊತ್ತಿಗೆ ಉಬ್ಬರ ಬಂದು ಕೂರುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಅಲ್ಲೇ ಬಲೆ ಹೆಣೆಯುತ್ತಿದ್ದ ಒಬ್ಬರು. “ಗಡಿಯಾರ ನೋಡಿ ಬಂದಿರಾ? ತಿಥಿ ನೋಡಿ ಬರಬೇಕಿತ್ತು,” ಎಂದು ನಕ್ಕರು. ಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರನ್ನು ನಾನು ಏಕಾದಶಿಗಲ್ಲದೆ ಬೇರೆ ಯಾವುದಕ್ಕೂ ನೋಡಿದವನಲ್ಲ. ಈಗ ಮಕ್ಕಳೇ ಅದರಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಿಗೆ ಕೆಂಪು ಸುತ್ತು ಹಾಕಿದ್ದಾರೆ. ಬರಿಗೈಯಲ್ಲಿ ಮರಳುವುದೇಕೆಂದು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡಕ್ಕೆ ಇಳಿದದ್ದು ನನ್ನದೇ ದಡ್ಡತನ. ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತು, ಒಂದು ಚಪ್ಪಲಿಯನ್ನು ನದಿಗೆ ಒಪ್ಪಿಸಿ ಬಂದೆ. ಆದರೆ ಅಳಿವೆಯಲ್ಲಿ ಈಜಲು ಮಾತ್ರ ಯಾರನ್ನೂ ಬಿಡಲಿಲ್ಲ. ಮೇಲೆ ಸುಮ್ಮನಿದ್ದಂತೆ ಕಂಡರೂ ಇಳಿತದ ಹೊತ್ತಿನಲ್ಲಿ ಎರಡು ನದಿಗಳ ನೀರು ಒಂದೇ ಬಾಗಿಲಿನಿಂದ ಹೊರಗೆ ಓಡುತ್ತಿರುತ್ತದೆ.

ತಟ್ಟೆಯ ಮೇಲೆ ಬೆಂಗ್ರೆಯ ಚಮಚ ಒಂದೇ ಮಧ್ಯಾಹ್ನದಲ್ಲಿ ಆರಿ ದಪ್ಪನೆಯ ಬಿಳಿ ಬಿಲ್ಲೆಯಾಯಿತು, ಉಗುರಿನಲ್ಲಿ ಕೆರೆದರೆ ಹುಡಿ ಏಳುವಷ್ಟು. ಮಾಬುಕಳದ್ದೂ ಹೆಚ್ಚುಕಡಿಮೆ ಹಾಗೆಯೇ. ಬಾರ್ಕೂರಿನಲ್ಲಿ ತೆಳ್ಳಗಾಯಿತು, ಆದರೆ ಬಿಳಿ ಬಿಳಿಯೇ. ಸಮುದ್ರ ಅಷ್ಟು ದೂರ ಒಳಗೆ ಬರುತ್ತದೆಂದು ಬೆಂಗಳೂರಿನವರಿಗೆ ನಂಬಿಕೆಯೇ ಬರಲಿಲ್ಲ. ಬಾರ್ಕೂರಿನಲ್ಲಿ ಅಳುಪರ ರಾಜಧಾನಿಯಿತ್ತು, ಕತ್ತಲೆ ಬಸದಿಯಿದೆ ಎಂದು ಇತಿಹಾಸ ಹೇಳಲು ಹೊರಟೆ. ಅವರ ಗಮನವೆಲ್ಲ ಅಜ್ಜನ ಮನೆಯ ಬಾವಿಯ ಮೇಲಿತ್ತು. ಅದರ ನೀರನ್ನೂ ತಟ್ಟೆಗೆ ಹಾಕಬೇಕೆಂದು ಹಟ ಹಿಡಿದರು. ಹಾಕಿದೆವು. ಮಸುಕಾದ ಒಂದು ಉಂಗುರ ಉಳಿಯಿತು. ನನ್ನ ಹೆಂಡತಿ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಅಣ್ಣನಿಗೆ ಕಳಿಸಿದಳು, ಇಷ್ಟು ವರ್ಷದ ಬೇಳೆಯ ದೂರಿಗೆ ಸಾಕ್ಷಿ ಸಿಕ್ಕಿತೆಂದು.

ಅಲ್ಲಿಂದ ಮೇಲಕ್ಕೆ ಒಂದು ಕಿಂಡಿ ಅಣೆಕಟ್ಟು. ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ಕೆಳಗಿನ ಉಪ್ಪು ಮೇಲೇರುವುದಿಲ್ಲ, ಮೇಲಿನ ಸಿಹಿನೀರು ಓಡಿಹೋಗುವುದಿಲ್ಲ. ಮಳೆ ಬರುವ ಮೊದಲು ಹಲಗೆ ತೆಗೆಯಬೇಕು, ಇಲ್ಲವಾದರೆ ನೆರೆ ಬಂದಾಗ ತೋಟವೇ ಮುಳುಗುತ್ತದೆ. ಚಿಕ್ಕವನು ಮೇಲೆ ನಿಂತು ಆಚೆ ಈಚೆ ಎರಡೂ ಕಡೆ ನೋಡಿ, “ಇದೇ ಗಡಿ,” ಎಂದ. ತಟ್ಟೆಯ ಮೇಲೆ ನದಿಯ ನಾಲ್ಕನೆಯ ಗುರುತು ಅವನ ಮಾತನ್ನು ಒಪ್ಪಿತು.

ವಾರದ ಉಳಿದ ದಿನಗಳು ಹೇಗೋ ಕಳೆದವು. ಹೆಚ್ಚು ಹೇಳಬೇಕಾದದ್ದು ಪುನರ್ಪುಳಿಯ, ಅಂದರೆ ಮುರುಗಲ ಹಣ್ಣಿನ, ಬಗ್ಗೆ ಮಾತ್ರ. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಅದೇ ತಾರಸಿಯ ಬಿಸಿಲಿಗೆ ಇಡುವ ಕೆಲಸ ಮಕ್ಕಳದ್ದೇ ಆಗಿತ್ತು. ವಾರದೊಳಗೆ ರಕ್ತದ ಬಣ್ಣದ ಪಾಕ ಭರಣಿಯ ಕುತ್ತಿಗೆಗೆ ಬಂತು. ಮೂರು ಬನಿಯನ್‌ಗಳ ಕಲೆ ಈಗಲೂ ಹೋಗಿಲ್ಲ.

ಘಾಟಿಗೆ ಹೋದದ್ದು ಮೇ ಕೊನೆಗೆ, ಎರಡು ಸಂಜೆ ಗುಡುಗು ಮಳೆ ಬಂದ ಮೇಲೆ. ಮಲ್ಪೆಯಿಂದ ಹೊರಡುವ 169ಎ ಹೆದ್ದಾರಿಯೇ ಉಡುಪಿ, ಮಣಿಪಾಲ, ಹೆಬ್ರಿ ದಾಟಿ ಆಗುಂಬೆ ಏರಿ ತೀರ್ಥಹಳ್ಳಿಗೆ ಹೋಗುತ್ತದೆ. ದಾರಿ ತಪ್ಪುವ ಪ್ರಶ್ನೆಯಿಲ್ಲ. ಹೆಬ್ರಿಯಿಂದ ಮುಂದೆ ಸೀತಾನದಿ ಎಂಬ ಹೆಸರಿನದೇ ಒಂದು ಊರಿದೆ. ಅಲ್ಲಿ ನದಿ ಬಂಡೆಗಳ ನಡುವೆ ಮೊಣಕಾಲುದ್ದ ಹರಿಯುತ್ತಿತ್ತು. ಮಳೆಗಾಲದಲ್ಲಿ ರ‍್ಯಾಫ್ಟಿಂಗ್ ನಡೆಯುವ ನದಿ ಇದೇ ಎಂದರೆ ಯಾರಾದರೂ ನಗಬೇಕು. ಐದನೆಯ ಚಮಚಕ್ಕೆ ನೀರು ತುಂಬಿಕೊಂಡು, ಕಲ್ಲಿನ ಮೇಲೆ ಕುಳಿತು ಕಾಲು ಇಳಿಬಿಟ್ಟೆವು. ಗುಂಡಿಗಳ ಆಳ ಊರವರಿಗಲ್ಲದೆ ಇತರರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಅದಕ್ಕಿಂತ ಮುಂದೆ ಹೋಗಲಿಲ್ಲ. ರಾತ್ರಿ ಹೆಬ್ರಿಯ ನೆಂಟರ ಮನೆ. ಊಟವಾದ ಮೇಲೆ ಅಂಗಳದ ದೀಪ ಆರಿಸಿದರು. ತೋಟದಾಚೆಯ ಒಂದು ಮರ ಇಡಿಯಾಗಿ ಹೊತ್ತಿಕೊಂಡು, ಇಡಿಯಾಗಿ ಆರಿತು. ಮತ್ತೆ ಹೊತ್ತಿತು. ಸಾವಿರಾರು ಮಿಂಚುಹುಳಗಳು ಒಂದೇ ತಾಳಕ್ಕೆ. ದೊಡ್ಡವನು ಮೊಬೈಲು ಎತ್ತಿದ, ಪರದೆಯಲ್ಲಿ ಬರೀ ಕತ್ತಲೆ ಬಂತು, ಜೇಬಿಗೆ ಹಾಕಿಕೊಂಡ.

ಬೆಳಿಗ್ಗೆ ಸೋಮೇಶ್ವರ ದಾಟಿದೊಡನೆ ಹಿಂಡುಗಟ್ಟಿ ಜೀರುಂಡೆಗಳ ಸದ್ದು, ಓಮ್ನಿಯ ಇಂಜಿನ್ ಸದ್ದನ್ನೂ ಮುಳುಗಿಸುವಷ್ಟು. ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳು. ತಮ್ಮನಿಗೆ ವಾಂತಿಯಾಗುತ್ತದೆ ಎಂದು ದಾರಿಯುದ್ದಕ್ಕೂ ಗೇಲಿ ಮಾಡಿದ್ದ ದೊಡ್ಡವನು ಒಂಬತ್ತನೆಯ ತಿರುವಿನಲ್ಲಿ “ಮಾವ, ನಿಲ್ಲಿಸಿ,” ಎಂದ. ತಮ್ಮ ಬಾಟಲಿ ಹಿಡಿದು ನಿಂತ, ಪಾಪ, ಒಂದು ಮಾತೂ ಆಡಲಿಲ್ಲ. ಅಲ್ಲೇ ತಡೆಗೋಡೆಯ ಮೇಲೆ ಮಂಗಗಳು ತಿಂಡಿಗೆ ಕಾಯುತ್ತಿದ್ದವು. ಕೊಡಬೇಡಿ. ಕೊಟ್ಟು ಕೊಟ್ಟೇ ಅವು ಕಾಡು ಬಿಟ್ಟು ರಸ್ತೆಗೆ ಬಂದಿರುವುದು. ಸಿಂಗಳೀಕ ಇದೇ ಕಾಡಿನ ಮರದ ತುದಿಗಳಲ್ಲಿ ಇರುತ್ತದೆ, ನಮಗೆ ಕಾಣಿಸಲಿಲ್ಲ.

ಆಗುಂಬೆ ಸುಮಾರು 650 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಇಲ್ಲಿ ರೊಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರವಿದೆ, ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದದ್ದು. ಹೇಳದೆ ಕೇಳದೆ ನುಗ್ಗುವ ಜಾಗವಲ್ಲ, ನಾವೂ ಹೋಗಲಿಲ್ಲ. ಆದರೆ ಕಾಡಂಚಿನ ದಾರಿಯಲ್ಲಿ ನಡೆಯುವಾಗ ಕಾಳಿಂಗದ ಸುದ್ದಿ ತೆಗೆದೆ. ಹಾವುಗಳಲ್ಲಿ ಗೂಡು ಕಟ್ಟುವುದು ಅದೊಂದೇ. ಹೆಣ್ಣು ತನ್ನ ಮೈಯನ್ನೇ ಸುತ್ತಿ ಒಣಗಿದ ಎಲೆಗಳನ್ನು ಎಳೆದು ರಾಶಿ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಅದೂ ಇದೇ ಬೇಸಗೆಯಲ್ಲಿ. ತರಗೆಲೆಯ ರಾಶಿಗೆ ಕಾಲು ಹಾಕಬಾರದು ಎಂದು ಬೇರೆ ಹೇಳುವ ಅಗತ್ಯವೇ ಬೀಳಲಿಲ್ಲ. ಮುಂದಿನ ಒಂದು ಗಂಟೆ ಮೂವರೂ ದಾರಿಯ ನಟ್ಟನಡುವೆ ಒಬ್ಬರ ಹಿಂದೊಬ್ಬರು ನಡೆದರು. ಹತ್ತು ಹೆಜ್ಜೆ ಒಳಗೆ ಹೋದರೆ ಬೆಳಕು ಹಸಿರಾಗುತ್ತದೆ, ಬೆವರು ತಣ್ಣಗಾಗುತ್ತದೆ. “ನಮ್ಮ ಥರ್ಮೋಕೋಲ್ ಕಾಡಿನಲ್ಲಿ ವಾಸನೆ ಇರಲಿಲ್ಲ,” ಎಂದಳು ಮಗಳು. ಹಸಿ ಮಣ್ಣು, ಕೊಳೆತ ಎಲೆ, ಎಲ್ಲೋ ಉದುರಿದ ಹೂವು.

ಸೂರ್ಯಾಸ್ತ ನೋಡುವ ಕಟ್ಟೆಯಲ್ಲಿ ಬೆಳಗಿನ ಒಂಬತ್ತಕ್ಕೆ ನಾವು ನಾಲ್ವರೇ. ಪಶ್ಚಿಮಕ್ಕೆ ಮಲ್ಪೆ ಕಾಣುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಮೇ ತಿಂಗಳ ಮಬ್ಬಿನಲ್ಲಿ ಎಲ್ಲಿಯ ಮಲ್ಪೆ? ಕಣಿವೆಯಿಂದ ಮೋಡವೊಂದು ನಿಧಾನವಾಗಿ ಮೇಲೇರಿ ಬಂದು ನಮ್ಮನ್ನು ನೆನೆಸಿ ಹೋಯಿತು. ಅದು ಎಲ್ಲಿಂದ ಬಂತು, ನೆನೆಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ವಿವರಿಸಲು ಬಾಯಿ ತೆರೆದೆ. “ಬೆಂಗ್ರೆಗೆ,” ಎಂದ ಚಿಕ್ಕವನು.

ತಂಗಿ ಬಂದು ಹುಡುಗರನ್ನು ಕರೆದುಕೊಂಡು ಹೋದಳು. ಜೂನ್ ಒಂದರಿಂದ ಯಾಂತ್ರಿಕ ದೋಣಿಗಳಿಗೆ 61 ದಿನದ ರಜೆ, ಮಲ್ಪೆ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿ ನಿಂತವು. ಮಳೆ ಹಿಡಿದ ಮೂರನೆಯ ವಾರ ಬೆಂಗಳೂರಿನಿಂದ ಫೋನು. ಈಗ ಸೀತಾನದಿ ತುಂಬಿ ಹರಿಯುತ್ತಿದೆಯಲ್ಲ, ಬೆಂಗ್ರೆಯ ನೀರು ಸಿಹಿಯಾಗಿರಬೇಕು, ಒಂದು ಚಮಚ ತಂದು ನೋಡಿ ಹೇಳಿ ಎಂದು ಚಿಕ್ಕವನ ಅಪ್ಪಣೆ. ಕೊಡೆ ಹಿಡಿದು ಹೋಗಿ ಕೆಂಪು ನೀರು ತಂದು ತಟ್ಟೆಗೆ ಹಾಕಿದೆ. ತಾರಸಿಗೆ ಇಡುವಂತಿಲ್ಲ, ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೇನೆ. ಒಲೆಯ ಮೇಲಿಟ್ಟು ಆರಿಸೋಣ ಎಂದರೆ ಅದು ಮೋಸವಂತೆ, ಬಿಸಿಲಿಗೇ ಆರಬೇಕಂತೆ. ಇವತ್ತಿಗೆ ಒಂಬತ್ತು ದಿನ. ಇನ್ನೂ ಆರಿಲ್ಲ.