ಡೈವ್ ವಾಚಿನ ಗಾಜಿನೊಳಗೆ ಮಂಜು ಕಟ್ಟಿದೆಯೇ? ಸೋರುವ ಜಾಗ ಹಿಡಿಯುವುದು ಹೀಗೆ

ಹೊಸ ಗಾಜು ಹಾಕಿ, ಮುಳ್ಳು ಬದಲಾಯಿಸಿ, ಒಳಗಿನ ಮಷಿನ್ನನ್ನೂ ಹೊಸದು ಕೂರಿಸಿ ವಾಚು ಕಟ್ಟಿಕೊಂಡು ಈಜಲು ಹೋಗಿರುತ್ತೀರಿ. ವಾಪಸ್ ಬರುವಾಗ ಎಸಿ ಕಾರಿನಲ್ಲಿ ಕೂತು ಐದು ನಿಮಿಷ ಆಗಿರುವುದಿಲ್ಲ, ಗಾಜಿನ ಒಳಗಡೆ ಉಗುರಿನಷ್ಟು ಮಂಜು. ನನ್ನ ಸೀಕೋ ಎಸ್‌ಕೆಎಕ್ಸ್007 ವಾಚಿಗೆ, ಅಂದರೆ ನೀರಿನಾಳಕ್ಕೆ ಇಳಿಯುವವರಿಗಾಗಿ ಮಾಡಿದ ಡೈವ್ ವಾಚಿಗೆ, ಹೀಗೇ ಆಯಿತು. ಹೊಟ್ಟೆ ಚುರ್ ಅಂದಿತು.

ಡಯಲ್ ಮೇಲಿನ 200 ಮೀಟರ್ ಅನ್ನುವುದು ಕಾರ್ಖಾನೆಯಲ್ಲಿ ಮುಚ್ಚಿ ಬಂದ ವಾಚಿನ ಮಾತು. ಡೈವ್ ವಾಚುಗಳಿಗೆ ಇರುವ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ನಿಯಮದಲ್ಲಿ, ಬರೆದ ಆಳಕ್ಕಿಂತ ಶೇ 25ರಷ್ಟು ಜಾಸ್ತಿ ಒತ್ತಡ ಕೊಟ್ಟು ನೋಡಬೇಕು. ಬಾರ್ ಅನ್ನುವುದು ಒತ್ತಡದ ಅಳತೆ, 200 ಮೀಟರಿಗೆ ಅದು 25 ಬಾರ್. ಹಿಂದಿನ ಮುಚ್ಚಳ ಒಮ್ಮೆ ಬಿಚ್ಚಿದ ಮೇಲೆ ಅದೆಲ್ಲ ಹೊಸದಾಗಿ ಸಾಬೀತಾಗಬೇಕು.

ಮಂಜು ಕಂಡ ತಕ್ಷಣ ನೀರು ತಡೆಯುವ ಎಲ್ಲ ರಬ್ಬರ್ ರಿಂಗುಗಳನ್ನೂ ಬದಲಾಯಿಸಲು ಹೊರಡಬೇಡಿ. ಆಗ ತಪ್ಪು ಎಲ್ಲಿತ್ತು ಅಂತ ಗೊತ್ತೇ ಆಗುವುದಿಲ್ಲ, ಮುಂದಿನ ವಾಚಿನಲ್ಲೂ ಅದೇ ತಪ್ಪು ಮಾಡುತ್ತೀರಿ.

ಇದು ಸೋರಿಕೆಯೇ?

ಕರಾವಳಿಯವರು ಇದನ್ನು ಗಮನ ಇಟ್ಟು ಓದಬೇಕು. ಮಳೆಗಾಲದಲ್ಲಿ ಮಂಗಳೂರಿನ ಮನೆಯೊಳಗೆ 28 ಡಿಗ್ರಿ, ಶೇ 90ರಷ್ಟು ತೇವ ಇರುವ ದಿನ ನೀವು ವಾಚಿನ ಮುಚ್ಚಳ ಹಾಕಿದರೆ, ಆ ಗಾಳಿಯೇ ಒಳಗೆ ಸೇರಿಕೊಳ್ಳುತ್ತದೆ. ಗಾಜು ಸುಮಾರು 26 ಡಿಗ್ರಿಗೆ ಇಳಿದರೆ ಸಾಕು, ಆ ತೇವ ಹನಿಯಾಗುತ್ತದೆ. ಎಸಿ ರೂಮಿಗೆ ಹೋದರೂ ಮಂಜು ಬರುತ್ತದೆ. ವಾಚು ಎಲ್ಲೂ ಸೋರುತ್ತಿಲ್ಲ, ತೇವವನ್ನು ನಾವೇ ಒಳಗಿಟ್ಟು ಮುಚ್ಚಿದ್ದೇವೆ ಅಷ್ಟೇ. ಅದೇ 24 ಡಿಗ್ರಿ, ಶೇ 50ರ ತೇವದ ಎಸಿ ರೂಮಿನಲ್ಲಿ ಮುಚ್ಚಿದರೆ ಗಾಜು 13 ಡಿಗ್ರಿಯ ಹತ್ತಿರಕ್ಕೆ ಇಳಿಯುವವರೆಗೂ ತೊಂದರೆಯಿಲ್ಲ.

ಹಾಗಾಗಿ ಮೊದಲ ಕೆಲಸ ಒಣಗಿಸುವುದು. ಮುಚ್ಚಳ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಅಕ್ಕಿ ಡಬ್ಬಿ ಬೇಡ, ಅದರ ಪುಡಿ ಮಷಿನ್‌ಗೆ ಹೋಗುತ್ತದೆ. ಆಮೇಲೆ ಎಸಿ ರೂಮಿನಲ್ಲೇ ಕೂತು ಮುಚ್ಚಿ. ಅರ್ಧ ಗಂಟೆ ಕೈಗೆ ಕಟ್ಟಿ ಬೆಚ್ಚಗಾದ ಮೇಲೆ ಗಾಜಿನ ಮೇಲೆ ಒಂದು ಹನಿ ನಲ್ಲಿ ನೀರು ಹಾಕಿ, ಒಂದು ನಿಮಿಷ ಬಿಟ್ಟು ಒರೆಸಿ ನೋಡಿ. ಐಸ್ ಇಡಬೇಡಿ, ಅಷ್ಟು ತಣ್ಣಗಾದರೆ ಚೆನ್ನಾಗಿರುವ ವಾಚಿನಲ್ಲೂ ಮಂಜು ಕಾಣಬಹುದು. ಗಾಜು ತಿಳಿಯಾಗಿದ್ದರೆ ನೀರಿಗೆ ತಾಗಿಸದೆ ಒಂದು ವಾರ ಕಟ್ಟಿಕೊಂಡು ಓಡಾಡಿ ಮತ್ತೆ ಹೀಗೇ ನೋಡಿ. ಮಂಜು ಮರಳಿ ಬಂತೆಂದರೆ ಎಲ್ಲೋ ದಾರಿ ಇದೆ ಅಂತ ಅರ್ಥ.

ಒಂದು ಎಚ್ಚರಿಕೆ: ಒಳಗೆ ಹೋಗಿದ್ದು ಸಮುದ್ರದ ನೀರಾದರೆ ಈ ಪರೀಕ್ಷೆಗಳನ್ನೆಲ್ಲ ಬಿಡಿ. ಅದೇ ದಿನ ಬಿಚ್ಚಿಸಿ ವಾಚ್ ರಿಪೇರಿಯವರ ಕೈಗೆ ಕೊಡಿ. ಉಪ್ಪು ತುಕ್ಕು ಹಿಡಿಸಲು ಕಾಯುತ್ತಾ ಕೂರುವುದಿಲ್ಲ.

ಮೂರು ಬಾಗಿಲು

ನೀರು ಬರುವುದು ಮೂರೇ ಕಡೆಯಿಂದ: ಗಾಜಿನ ಸುತ್ತ, ಹಿಂದಿನ ಮುಚ್ಚಳ, ಕೀ ಕೊಡುವ ಗುಂಡಿ ಅಂದರೆ ಕ್ರೌನ್. ಗಾಜಿನ ಸುತ್ತ ಹೊರಗೆ ತಿರುಗುವ ಬಳೆಗೂ ಅಂದರೆ ಬೆಜೆಲ್‌ಗೂ ನೀರು ತಡೆಯುವುದಕ್ಕೂ ಸಂಬಂಧವಿಲ್ಲ. ಮಂಜು ಕಂಡ ಜಾಗವೇ ಸೋರುವ ಜಾಗ ಅಂತಲೂ ಅಲ್ಲ, ಗಾಜು ಎಲ್ಲಿ ತಣ್ಣಗಿದೆಯೋ ಅಲ್ಲಿ ಅದು ಕೂರುತ್ತದೆ.

ಹಿಂದಿನ ಮುಚ್ಚಳದ್ದು ಬೇಗ ಮುಗಿಯುತ್ತದೆ. ರಿಂಗ್ ತೆಗೆದು ಬೆಳಕಿಗೆ ಹಿಡಿದು ತಿರುಗಿಸಿ. ಚಪ್ಪಟೆಯಾಗಿದ್ದರೆ, ಸೀಳಿದ್ದರೆ ಹೊಸದು ಹಾಕಿ. ಅದು ಕೂರುವ ತೋಡನ್ನು ಹಲ್ಲುಕಡ್ಡಿಯಿಂದ ಕೆರೆದು ಒರೆಸಿ, ಬಟ್ಟೆಯ ಒಂದು ಎಳೆ ಉಳಿದರೂ ಅದೇ ಕಾಲುವೆ. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ರಿಂಗ್ ಹೊಳೆಯಬೇಕು, ಮುದ್ದೆ ಕಾಣಬಾರದು. ಗ್ರೀಸ್ ನೀರು ತಡೆಯಲು ಅಲ್ಲ, ಮುಚ್ಚಳ ತಿರುಗಿಸುವಾಗ ರಬ್ಬರ್ ತಿರುಚಿಕೊಳ್ಳದೆ ಇರಲು.

ಗಾಜಿನ ಸುತ್ತ ನೀರು ತಡೆಯುವ ಎಲ್ ಆಕಾರದ ಪ್ಲಾಸ್ಟಿಕ್ ಬಳೆ, ಅಂದರೆ ಗ್ಯಾಸ್ಕೆಟ್, ಇರುತ್ತದೆ. ಹಳೆಯದನ್ನೇ ಮತ್ತೆ ಹಾಕುವುದು ಎಲ್ಲರೂ ಮಾಡುವ ತಪ್ಪು. ನೋಡಲು ಚೆನ್ನಾಗೇ ಇದೆ ಅಲ್ವಾ ಅನಿಸುತ್ತದೆ, ಆದರೆ ಹಳೆಯ ಗಾಜಿನ ಅಚ್ಚಿಗೆ ಅದು ಒಗ್ಗಿಹೋಗಿರುತ್ತದೆ. ಸಫೈರ್ ಗಾಜಿನ ಅಂಚು ಚೂಪಾಗಿದ್ದರೆ ಒತ್ತುವಾಗ ಗ್ಯಾಸ್ಕೆಟ್ ಕೂದಲಿನಂತೆ ಹೆರೆದು ಬರುತ್ತದೆ. ಗಾಜು ಒತ್ತಿ ಕೂರಿಸುವ ಪ್ರೆಸ್‌ನಿಂದ ತೆಗೆದಾಗ ಅಂಚಿನಲ್ಲಿ ಅಂಥ ಬಿಳಿ ಸುರುಳಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಹೊಸ ಗ್ಯಾಸ್ಕೆಟ್ ಹಾಕಿ. ಗಾಜು ಬರೀ ಹೆಬ್ಬೆರಳಿಗೇ ಒಳಗೆ ಹೋದರೆ ಅಳತೆ ಸರಿಯಿಲ್ಲ.

ನನ್ನ ವಾಚಿನಲ್ಲಿ ತಪ್ಪು ಇದ್ದಿದ್ದು ಕ್ರೌನ್‌ನಲ್ಲಿ. ಹಳೆಯ 7ಎಸ್26 ಮಷಿನ್ ತೆಗೆದು ಎನ್‌ಎಚ್36 ಹಾಕಿದ್ದೆ. ಹಾಗೆ ಮಾಡುವಾಗ ಗುಂಡಿಗೆ ಹೊಸ ಕಡ್ಡಿ, ಅಂದರೆ ಸ್ಟೆಮ್, ಹಾಕಿದರೆ ಅದನ್ನು ಅಳತೆಗೆ ಕತ್ತರಿಸಬೇಕು. ನಾನು ತುಸು ಉದ್ದ ಬಿಟ್ಟಿದ್ದೆ. ಗುಂಡಿ ತಿರುಗಿಸಿದರೆ ಬಿಗಿಯಾಗಿ ನಿಲ್ಲುತ್ತಿತ್ತು, ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ದೊಡ್ಡದಾಗಿ ತೋರಿಸುವ ಲೆನ್ಸ್ ಸಿಕ್ಕಿಸಿ ಅಡ್ಡ ಬೆಳಕಿನಲ್ಲಿ ನೋಡಿದಾಗ ಗುಂಡಿಗೂ ವಾಚಿನ ಹೊರಕವಚ ಅಂದರೆ ಕೇಸಿಗೂ ನಡುವೆ ಕಾಗದದಷ್ಟು ಸಂದು ಕಂಡಿತು. ಕಡ್ಡಿ ಒಳಗೆ ತಾಗಿ ನಿಂತಿದ್ದರಿಂದ ಗುಂಡಿ ಪೂರ್ತಿ ಕೂರುತ್ತಲೇ ಇರಲಿಲ್ಲ, ಅದರೊಳಗಿನ ರಬ್ಬರಿಗೆ ಒತ್ತು ಬೀಳುತ್ತಿರಲಿಲ್ಲ. ಸಣ್ಣ ಅರದಿಂದ ಎರಡೆರಡು ಉಜ್ಜು ಉಜ್ಜಿ, ಪ್ರತಿ ಸಲ ಹಾಕಿ ನೋಡಿ, ನಾಲ್ಕನೇ ಸಲಕ್ಕೆ ಸಂದು ಹೋಯಿತು. ಆತುರಪಟ್ಟು ಒಂದೇ ಸಲ ಜಾಸ್ತಿ ಉಜ್ಜಬೇಡಿ, ಗಿಡ್ಡವಾದ ಕಡ್ಡಿಯನ್ನು ಎಸೆಯುವುದೇ ದಾರಿ.

ಖಾಲಿ ಕೇಸನ್ನೇ ಪರೀಕ್ಷಿಸಿ

ಮಷಿನ್, ಡಯಲ್ ಹಾಕುವ ಮೊದಲೇ ಬರೀ ಗಾಜು, ಮುಚ್ಚಳ, ಕಡ್ಡಿ ಸಮೇತ ಗುಂಡಿ ಹಾಕಿ ಒತ್ತಡ ಪರೀಕ್ಷೆ ಮಾಡಿ. ನೀರು ಹೋದರೂ ಒರೆಸಿದರೆ ಮುಗಿಯಿತು. ಬೆಜೆಲ್ ಮತ್ತು ಬೆಲ್ಟ್ ಬಿಚ್ಚಿಡಿ, ಇಲ್ಲದಿದ್ದರೆ ಅವುಗಳ ಅಡಿಯ ಗಾಳಿ ಸುಮ್ನೆ ದಾರಿ ತಪ್ಪಿಸುತ್ತದೆ.

ಮನೆಯಲ್ಲಿ ಇಟ್ಟುಕೊಳ್ಳುವ ಸಾಧನಗಳು ಸಾಮಾನ್ಯವಾಗಿ 6 ಬಾರ್‌ವರೆಗಿನವು. ಅರ್ಧ ನೀರು ತುಂಬಿದ ದಪ್ಪ ಸಿಲಿಂಡರಿನಲ್ಲಿ ಕೇಸನ್ನು ನೀರಿನ ಮೇಲೆ ತೂಗುಹಾಕಿ ಗಾಳಿ ತುಂಬಿ. ಕೆಲವು ನಿಮಿಷ ಕಾಯಿರಿ, ಸಂದು ಇದ್ದರೆ ಅಷ್ಟರಲ್ಲಿ ಗಾಳಿ ಒಳಗೆ ಹೋಗುತ್ತದೆ. ಈಗ ಕೇಸನ್ನು ನೀರಿಗೆ ಇಳಿಸಿ, ಒತ್ತಡವನ್ನು ನಿಧಾನವಾಗಿ ಬಿಡಿ. ಅಂಟಿಕೊಂಡು ಕೂತ ಒಂದೆರಡು ಗುಳ್ಳೆಗೆ ಹೆದರಬೇಕಿಲ್ಲ. ಒಂದೇ ಜಾಗದಿಂದ ಸರದ ಹಾಗೆ ಗುಳ್ಳೆ ಏಳುತ್ತಿದ್ದರೆ ಅದೇ ನೀವು ಹುಡುಕುತ್ತಿದ್ದ ಜಾಗ. ನೋಡಿದ ತಕ್ಷಣ, ಒತ್ತಡ ಪೂರ್ತಿ ಇಳಿಯುವ ಮೊದಲೇ ಕೇಸನ್ನು ನೀರಿನಿಂದ ಮೇಲೆತ್ತಿ.

ಖಾಲಿ ಕೇಸ್ ಪಾಸಾದರೆ ಮಷಿನ್ ಕೂರಿಸಿ, ಒಣ ಗಾಳಿಯಲ್ಲಿ ಮುಚ್ಚಿ, ಇನ್ನೊಮ್ಮೆ ಪರೀಕ್ಷಿಸಿ. ಮಷಿನ್ ಇರುವಾಗ ನೀರು ಬೇಡ ಅನಿಸಿದರೆ, ಬರೀ ಗಾಳಿಯ ಒತ್ತಡದಲ್ಲಿ ಕೇಸ್ ಎಷ್ಟು ಬಾಗುತ್ತದೆ ಎಂದು ಅಳೆಯುವ ಒಣ ಪರೀಕ್ಷೆಯೂ ಇದೆ. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಕೇಳಿ ನೋಡಿ.

6 ಬಾರ್ ಅಂದರೆ ಸುಮಾರು 60 ಮೀಟರ್ ನೀರಿನ ಒತ್ತಡ. ಅದರಲ್ಲಿ ಪಾಸಾದ ನನ್ನ ವಾಚು ಈಜುಕೊಳಕ್ಕೂ ಪಣಂಬೂರಿನ ಅಲೆಗೂ ಬರುತ್ತದೆ. ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಹೋಗುವಾಗ ಮಾತ್ರ ಅದನ್ನು ಮನೆಯಲ್ಲೇ ಬಿಡುತ್ತೇನೆ, 25 ಬಾರ್ ಕೊಟ್ಟು ನೋಡುವವರು ಸಿಗುವವರೆಗೆ.