ಕೇಬಲ್ ಬಿಟ್ಟು ಡಿಶ್ ಹಾಕಿಸುವ ಮೊದಲು ನಾನು ಮಾಡಿದ್ದು

ಕೇಬಲ್ ಬಿಡಬೇಕು ಅಂತ ಅನ್ನಿಸಿದ್ದು ಅಪ್ಪನಿಗೋಸ್ಕರ. ರಾತ್ರಿ ವಾರ್ತೆ ತಪ್ಪಿದರೆ ಅವರಿಗೆ ದಿನ ಮುಗಿದ ಹಾಗೆ ಅನ್ನಿಸುವುದಿಲ್ಲ. ವಾರದಲ್ಲಿ ಎರಡು ಮೂರು ದಿನ ಸರಿಯಾಗಿ ಅದೇ ಹೊತ್ತಿಗೆ ಟಿವಿ ಕೈಕೊಡುತ್ತಿತ್ತು. ಅವರು ರಿಮೋಟ್ ಹಿಡಿದುಕೊಂಡು ಸುಮ್ನೆ ಕಾಯುತ್ತಾ ಕೂತಿರುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ನಾಳೆಯೇ ಡಿಶ್ ಹಾಕಿಸಿಬಿಡೋಣ ಅಂದುಕೊಂಡೆ. ಆಮೇಲೆ ಯಾಕೋ ತಡೆದು, ಒಂದು ತಿಂಗಳು ನೋಡೋಣ ಅಂತ ಕಾದೆ. ಕಾದದ್ದು ಒಳ್ಳೆಯದೇ ಆಯಿತು.

ಟಿವಿ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಚಿತ್ರ ಕೆಟ್ಟಾಗೆಲ್ಲ ದಿನ, ಹೊತ್ತು, ಎಷ್ಟು ಚಾನೆಲ್ ಹೋಯಿತು, ಮನೆಯಲ್ಲಿ ಕರೆಂಟ್ ಇತ್ತಾ, ಮಳೆ ಇತ್ತಾ ಅಂತ ಬರೆಯುತ್ತಾ ಹೋದೆ. ಹತ್ತು ದಿನದಲ್ಲಿ ಗೊತ್ತಾಯಿತು, ನಮಗಿರುವುದು ಒಂದು ತೊಂದರೆ ಅಲ್ಲ, ಎರಡು. ಕೆಲವು ಸಲ ಒಂದೆರಡು ಚಾನೆಲ್ ಮಾತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಇನ್ನು ಕೆಲವು ಸಲ ಎಲ್ಲ ಚಾನೆಲ್ಲೂ ಒಟ್ಟಿಗೆ ಹೋಗುತ್ತಿತ್ತು.

ಮೊದಲನೆಯದಕ್ಕೆ ಕಾರಣ ಟಿವಿ ಹಿಂದೆಯೇ ಸಿಕ್ಕಿತು. ಹಿಂದೆ ಎರಡು ಟಿವಿ ಇದ್ದಾಗ ಸಿಗ್ನಲ್ ಹಂಚಲು ಹಾಕಿದ್ದ ಸ್ಪ್ಲಿಟರ್ ಇನ್ನೂ ಅಲ್ಲೇ ಇತ್ತು, ಅದರ ಒಂದು ಬಾಯಿ ಖಾಲಿ. ಎರಡು ಬಾಯಿಯ ಸ್ಪ್ಲಿಟರ್ ಅಂದರೆ ಬಂದ ಸಿಗ್ನಲ್‌ನಲ್ಲಿ ಅರ್ಧ ಅಲ್ಲಿಗೇ ಹೋಯಿತು ಅಂತ ಲೆಕ್ಕ. ಕನೆಕ್ಟರ್ ಬಿಚ್ಚಿ ನೋಡಿದರೆ ನಡುವಿನ ತಂತಿಗೆ ಹಸಿರು ಕಿಲುಬು ಹಿಡಿದು, ಸುತ್ತಲಿನ ಜಾಲರಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಒಳ್ಳೆಯ ತಂತಿ ಸಿಗುವವರೆಗೆ ಕತ್ತರಿಸಿ, ಹೊಸ ಎಫ್ ಕನೆಕ್ಟರ್ ಹಾಕಿ, ಸ್ಪ್ಲಿಟರ್ ತೆಗೆದು ನೇರವಾಗಿ ಬಾಕ್ಸ್‌ಗೆ ಕೊಟ್ಟೆ. ಚೌಕ ಒಡೆಯುವುದು ಅವತ್ತೇ ನಿಂತಿತು. ನಿಮ್ಮ ತೊಂದರೆ ಇಷ್ಟೇ ಆಗಿದ್ದರೆ ಕೇಬಲ್ ಬಿಡುವ ಅಗತ್ಯವೇ ಇಲ್ಲ.

ಎರಡನೆಯದು ನನ್ನ ಕೈಯಲ್ಲಿರಲಿಲ್ಲ. ನೋಟ್‌ಬುಕ್ ನೋಡಿದರೆ ಎಲ್ಲ ಚಾನೆಲ್ ಹೋದಾಗಲೂ ಮನೆಯಲ್ಲಿ ಕರೆಂಟ್ ಇತ್ತು. ರಿಪೇರಿಗೆ ಬಂದವರನ್ನು ಕೇಳಿದೆ. ಸಿಗ್ನಲ್ ತಂತಿಯಲ್ಲಿ ದೂರ ಹೋದಷ್ಟೂ ಸೊರಗುತ್ತದೆ, ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ಆಂಪ್ಲಿಫೈಯರ್ ಇಟ್ಟಿರುತ್ತಾರೆ, ಅದಕ್ಕೂ ಕರೆಂಟ್ ಬೇಕಲ್ವಾ, ನಿಮಗೆ ಸಿಗ್ನಲ್ ಕೊಡುವ ಆ ಡಬ್ಬಿಯ ಕರೆಂಟ್ ಬರುವುದು ಬೇರೆ ಲೈನಿನಿಂದ, ಆ ಲೈನ್ ಹೋದರೆ ನಿಮ್ಮ ಟಿವಿಯೂ ಹೋದಂತೆ ಅಂದರು. ಎಲ್ಲೋ ಇರುವ ಡಬ್ಬಿಯನ್ನು ನಾನು ಹೇಗೆ ಸರಿ ಮಾಡಲಿ? ಡಿಶ್‌ಗೆ ಮನಸ್ಸು ವಾಲಿದ್ದು ಆಗ. ಡಿಶ್ ಆದರೆ ಉಪಗ್ರಹಕ್ಕೂ ನಮ್ಮ ಮನೆಗೂ ನಡುವೆ ಅಂಥ ಡಬ್ಬಿ ಯಾವುದೂ ಇರುವುದಿಲ್ಲ.

ಆದರೆ ನಡುವೆ ಮರವೂ ಇರಬಾರದು, ಗೋಡೆಯೂ ಇರಬಾರದು. ಟಿವಿ ಉಪಗ್ರಹ ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ಲೆಕ್ಕಕ್ಕೇ ಸುತ್ತುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಅದು ಆಕಾಶದ ಒಂದೇ ಜಾಗದಲ್ಲಿ ನಿಂತಂತೆ. ಆ ಜಾಗ ಕಾಣದಿದ್ದರೆ ಎಷ್ಟು ದೊಡ್ಡ ಡಿಶ್ ಹಾಕಿದರೂ ಪ್ರಯೋಜನವಿಲ್ಲ.

ಅದಕ್ಕೇ ಯಾರಿಗೂ ಫೋನ್ ಮಾಡುವ ಮೊದಲು ತಾರಸಿ ಹತ್ತಿದೆ. ಉಪಗ್ರಹ ಯಾವ ದಿಕ್ಕಿಗೆ, ಎಷ್ಟು ಡಿಗ್ರಿ ಮೇಲಿದೆ ಅಂತ ಆ್ಯಪ್‌ನಲ್ಲಿ ಸಿಗುತ್ತದೆ. ಒಂದು ಎಚ್ಚರಿಕೆ ಬೇಕು: ಕಬ್ಬಿಣದ ಕಂಬಿ ಪಕ್ಕ ನಿಂತಾಗ ಫೋನಿನ ದಿಕ್ಸೂಚಿ ಒಂದು ಕಡೆ ತೋರಿಸಿತು, ನಾಲ್ಕು ಹೆಜ್ಜೆ ಈಚೆ ಬಂದಾಗ ಇನ್ನೊಂದು ಕಡೆ. ಎತ್ತರದ ಕೋನ ಅಳೆಯುವುದಕ್ಕೆ ಮಗಳ ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕ ತಂದು, ಅದರ ನಡುವಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ ಕಟ್ಟಿದೆ. ನಾನು ಅಂಚಿನ ಮೇಲೆ ಕಣ್ಣಿಟ್ಟು ನೋಡುವುದು, ಅವಳು ದಾರ ನಿಂತ ಡಿಗ್ರಿ ಓದುವುದು. ಒಂದು ಮೂಲೆಯಿಂದ ಪಕ್ಕದ ಮನೆ ಮರದ ತಲೆ ನೇರವಾಗಿ ಅಡ್ಡ ಬಂತು. ಎದುರು ಮೂಲೆಯಿಂದ ಮರಕ್ಕಿಂತ ಸುಮಾರು ಐದು ಡಿಗ್ರಿ ಮೇಲೆ ಆಕಾಶ ಖಾಲಿ ಇತ್ತು. ಡಿಶ್ ಇಲ್ಲೇ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ಚಾನೆಲ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ನೂರಾರು ಇದ್ದರೂ ನಾವು ನಿಜವಾಗಿ ನೋಡುತ್ತಿದ್ದದ್ದು ಹನ್ನೊಂದು. ಅದರಲ್ಲಿ ಒಂದು, ಸ್ಥಳೀಯ ಸುದ್ದಿಯದು, ಕೇಬಲ್‌ನಲ್ಲಿ ಮಾತ್ರ ಬರುತ್ತಿತ್ತು. ಅಪ್ಪನನ್ನು ಕೇಳಿದೆ, ಪರವಾಗಿಲ್ಲ ಅಂದರು. ಇಂಟರ್ನೆಟ್ ಕೂಡ ಅದೇ ಕೇಬಲ್‌ನಲ್ಲಿ ಬರುತ್ತಿತ್ತು, ಹಾಗಾಗಿ ಟಿವಿ ಮಾತ್ರ ತೆಗೆಸಿದರೆ ಅದು ಉಳಿಯುತ್ತದಾ ಅಂತ ಮೊದಲೇ ವಿಚಾರಿಸಿಕೊಂಡೆ. ಎಷ್ಟು ತಿಂಗಳಿಗೆ ಕಟ್ಟಿಹಾಕುತ್ತಾರೆ, ನಡುವೆ ಬಿಟ್ಟರೆ ಏನು ಕೊಡಬೇಕು ಅನ್ನುವುದನ್ನೂ ಬರವಣಿಗೆಯಲ್ಲಿ ತೆಗೆದುಕೊಂಡೆ.

ಮಳೆಯ ವಿಷಯ ಮುಚ್ಚಿಡುವುದಿಲ್ಲ. ಚಿಕ್ಕ ಡಿಶ್‌ಗೆ ಬರುವ ಕೆಯು ಬ್ಯಾಂಡ್ ಅನ್ನುವ ರೇಡಿಯೋ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಹಾಗಾಗಿ ಮೋಡ ಕವಿದರೆ ಏನೂ ಆಗದಿದ್ದರೂ ಜೋರು ಮಳೆಗೆ ಚಿತ್ರ ಹೋಗುತ್ತದೆ. ಇಲ್ಲಿ ಡಿಶ್ ಕೂರಿಸುವವರ ಕೈಚಳಕ ಬಹಳ ಮುಖ್ಯ. ನಮ್ಮಲ್ಲಿಗೆ ಬಂದ ಹುಡುಗ ಚಿತ್ರ ಬಂದ ಕೂಡಲೇ ನಟ್ ಬಿಗಿಯಲು ಹೊರಟ. "ಸ್ವಲ್ಪ ತಾಳಪ್ಪ, ಕ್ವಾಲಿಟಿ ಎಷ್ಟು ತೋರಿಸ್ತಿದೆ ನೋಡೋಣ" ಅಂದೆ. 58 ಇತ್ತು. ಸ್ಟ್ರೆಂತ್ ಅಂದರೆ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವುದು, ಕ್ವಾಲಿಟಿ ಅಂದರೆ ಎಷ್ಟು ಶುದ್ಧವಾಗಿದೆ ಅನ್ನುವುದು, ನೋಡಬೇಕಾದ್ದು ಕ್ವಾಲಿಟಿ. ಅವನು ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತಾ, ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಚೂರು ತಿರುಗಿಸುತ್ತಾ ಹೋದ, ನಾನು ಕೆಳಗಿನಿಂದ ನಂಬರ್ ಕೂಗುತ್ತಾ ಹೋದೆ. 79ಕ್ಕೆ ಬಂದಾಗ ಬಿಗಿದ. ಮಳೆ ಬಂದಾಗ ಕಾಯುವುದು ಹಾಗೆ ಗಳಿಸಿದ ಆ ಇಪ್ಪತ್ತೊಂದೇ. ಡಿಜಿಟಲ್ ಚಿತ್ರ ನಿಧಾನಕ್ಕೆ ಮಂಕಾಗುವುದಿಲ್ಲ, ಒಂದು ಮಟ್ಟದ ಕೆಳಗೆ ಇಳಿದರೆ ಒಮ್ಮೆಲೇ ಹೋಗಿಬಿಡುತ್ತದೆ.

ಈ ಮಳೆಗಾಲದಲ್ಲಿ ಅಪ್ಪನ ವಾರ್ತೆ ತಪ್ಪಿದ್ದು ಎರಡು ದಿನ, ಅದೂ ಹತ್ತು ಹದಿನೈದು ನಿಮಿಷ. ನೋಟ್‌ಬುಕ್ ಈಗಲೂ ಟಿವಿ ಪಕ್ಕದಲ್ಲೇ ಇದೆ. ಮೊನ್ನೆ ಮಗಳೂ ನಾನೂ ಮತ್ತೆ ಕೋನಮಾಪಕ ಹಿಡಿದು ಮೇಲೆ ಹೋಗಿದ್ದೆವು. ಮರ ಬೆಳೆದಿದೆ, ಐದು ಡಿಗ್ರಿ ಇದ್ದದ್ದು ಈಗ ನಾಲ್ಕಾಗಿದೆ. ಪಕ್ಕದ ಮನೆಯವರ ಹತ್ತಿರ ಮಾತಾಡಿದ್ದೇನೆ, ಮುಂದಿನ ಬೇಸಿಗೆಯಲ್ಲಿ ಆ ಒಂದು ಕೊಂಬೆ ಸವರೋಣ ಅಂದಿದ್ದಾರೆ.